ಎಮ್ಮೆಯ ಬಾಯಿಗೆ ಕೈ ಹಾಕಿದವರು

ಸಿರುಗುಪ್ಪದ ಕಾಲುವೆ ಓಣಿಯಲ್ಲಿ ಕುಲ್ಸುಂಬೀಯ ಎಮ್ಮೆಯ ಹಾಲು ಹನ್ನೊಂದು ಮನೆಗಳಿಗೆ ಹೋಗುತ್ತಿತ್ತು. ಅವಳ ಗಂಡ ಜಹೀರುದ್ದೀನ್ ಬಸ್ ನಿಲ್ದಾಣದ ಹತ್ತಿರ ಕೂತು ಕೊಡೆ, ಸ್ಟೋವು, ಟ್ರಂಕು ರಿಪೇರಿ ಮಾಡುವವನು. ಅವನ ಬೆರಳಿಗೆ ತಗಡು ಗೀರದ ದಿನವೇ ಇರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಎಮ್ಮೆ ಮೇವು ಮುಟ್ಟಲಿಲ್ಲ. ನೀರಿನ ಬಾನಿಗೆ ಮೂತಿ ಇಟ್ಟರೂ ಒಂದು ಗುಟುಕು ಒಳಗೆ ಇಳಿಯಲಿಲ್ಲ. ಜೊಲ್ಲು ಎಳೆ ಎಳೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ಕೂಗಿದರೆ ದನಿ ಒಡೆದು ಬೇರೆ ಯಾವುದೋ ಪ್ರಾಣಿ ಕೂಗಿದಂತಿತ್ತು.

"ಗಂಟಲಾಗ ಏನೋ ಸಿಕ್ಕೈತಿ," ಎಂದ ಜಹೀರುದ್ದೀನ್, ಪಕ್ಕದ ಮನೆಯ ಎರ್ರಿಯನ್ನು ಕರೆದ. ಎರ್ರಿ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುವವನು, ದನಗಳ ವಿಷಯದಲ್ಲಿ ಕೈಗುಣ ಇದ್ದವನು. ಇಬ್ಬರೂ ಒಬ್ಬರಾದ ಮೇಲೊಬ್ಬರು ದವಡೆ ಅಗಲಿಸಿ ಮೊಣಕೈವರೆಗೆ ಕೈ ಹಾಕಿ ತಡಕಾಡಿದರು. ಏನೂ ಸಿಗಲಿಲ್ಲ. ಎಮ್ಮೆಯ ಹಲ್ಲು ತಾಗಿ ಎರ್ರಿಯ ಹೆಬ್ಬೆರಳು ತರಚಿತು. ಅವನು ರಕ್ತವನ್ನು ಟವೆಲ್ಲಿಗೆ ಒರೆಸಿಕೊಂಡು ಮಿಲ್ಲಿಗೆ ಹೋದ.

ಮರುದಿನ ಪಶುವೈದ್ಯೆ ಶ್ರೀಕೃತಿ ಬಂದಳು. ಬಳ್ಳಾರಿ ಪಾರ್ವತಿನಗರದ ಹುಡುಗಿ, ಸಿರುಗುಪ್ಪಕ್ಕೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಎಮ್ಮೆಯನ್ನು ಸ್ವಲ್ಪ ಹೊತ್ತು ನೋಡಿದಳು. ಒಳಗೆ ಕಾಲಿಡಲಿಲ್ಲ.

"ಇದಕ್ಕ ನಾಯಿ ಕಡಿದಿತ್ತೇನ್ರಿ?"

"ಇಲ್ರಿ," ಎಂದಳು ಕುಲ್ಸುಂಬೀ.

"ಯಾರಾದ್ರೂ ಬಾಯಾಗ ಕೈ ಹಾಕೀರೇನು?"

ಆ ಪ್ರಶ್ನೆ ಕೇಳಿದ ದನಿಗೆ ಕುಲ್ಸುಂಬೀ ಎಮ್ಮೆಯ ಮೂಗಿನ ಕಡೆ ನೋಡಿದಳು. ಐದು ವಾರದ ಹಿಂದೆ, ಕಾಲುವೆ ದಂಡೆಯಲ್ಲಿ, ಒಂದು ಕಂದು ನಾಯಿ ಎಲ್ಲಿಂದಲೋ ಬಂದು ಎಮ್ಮೆಯ ಮೂಗಿಗೇ ಬಾಯಿ ಹಾಕಿತ್ತು. ಜಹೀರುದ್ದೀನ್ ಬಡಿಗೆ ಹಿಡಿದು ಅದನ್ನು ಭತ್ತದ ಗದ್ದೆಯ ತನಕ ಅಟ್ಟಿಕೊಂಡು ಹೋಗಿದ್ದ. ಅವಳು ಎಮ್ಮೆಯ ಮೂಗಿಗೆ ಅರಿಶಿನ ಹಚ್ಚಿ, "ಯಾರಿಗೂ ಹೇಳಬ್ಯಾಡ, ನಾಯಿ ಮುಟ್ಟಿದ ಎಮ್ಮಿ ಹಾಲು ಯಾರು ತಗೊಂತಾರ," ಎಂದು ಗಂಡನ ಬಾಯಿ ಕಟ್ಟಿದ್ದಳು.

"ಕಡಿದಿತ್ರಿ," ಎಂದಳು ಈಗ. "ನಾನು ಸುಳ್ಳು ಹೇಳಿದೆ. ನನ್ನ ಗಂಡ, ಎರ್ರಿ ಇಬ್ರೂ ಬಾಯಾಗ ಕೈ ಹಾಕ್ಯಾರ, ನಾ ಜೊಲ್ಲು ಒರೆಸೀನಿ."

ಶ್ರೀಕೃತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹುಚ್ಚುನಾಯಿಯ ಜೊಲ್ಲಿನಲ್ಲಿ ಇರುವ ವೈರಸ್ಸು ಎಮ್ಮೆಯ ಜೊಲ್ಲಿಗೂ ಬರುತ್ತದೆ, ಗಾಯದೊಳಗೆ ಹೊಕ್ಕರೆ ನರದ ಗುಂಟ ಇರುವೆಯಂತೆ ಮೆಲ್ಲಗೆ ಮಿದುಳಿಗೆ ಹತ್ತುತ್ತದೆ ಎಂದಳು. "ಹತ್ತೋದರೊಳಗ ಸೂಜಿ ಹಾಕ್ಸಿದ್ರ ಜೀವ ಉಳೀತದ. ಮಿದುಳಿಗೆ ಹೋತು ಅಂದ್ರ ಯಾರ ಕೈಯಾಗೂ ಇಲ್ಲ. ಕಾಸಿದ ಹಾಲು ಕುಡಿದವರು ಹೆದರಬೇಕಾಗಿಲ್ಲ. ಕೈ ಹಾಕಿದವರು ಮಾತ್ರ ಇವತ್ತೇ ಹೋಗಬೇಕು. ಜೊಲ್ಲು ಒರೆಸಿದ ನೀವೂ."

ಗಂಡ ಹೆಂಡತಿ ಇಬ್ಬರೂ ಸಿರುಗುಪ್ಪದಲ್ಲೇ ಮೊದಲ ಸೂಜಿ ಹಾಕಿಸಿಕೊಂಡರು. ಗಾಯದ ಸುತ್ತ ಹಾಕುವ ಸೀರಮ್ಮಿಗೆ ಬಳ್ಳಾರಿಗೇ ಹೋಗಬೇಕೆಂದರು. ಎರ್ರಿಯ ಮನೆಗೆ ಬೀಗ. ಅವನು ಬೆಳಗಿನ ಬಸ್ಸಿಗೆ ಕುರುಗೋಡಿನ ಮಾರುಕಟ್ಟೆಗೆ ಲೋಡು ಎತ್ತಲು ಹೋಗಿದ್ದ. ಫೋನು ಸ್ವಿಚ್ ಆಫ್.

"ನೀನು ಬಳ್ಳಾರಿಗೆ ನಡಿ," ಎಂದಳು ಗಂಡನಿಗೆ. "ನಾನು ಎರ್ರಿನ ಕರ್ಕೊಂಡು ಅಲ್ಲಿಗೇ ಬರ್ತೀನಿ."

ಕುರುಗೋಡಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಸವಣ್ಣನ ಗುಡಿಯ ಬೀದಿಯಿಂದ ಮಾರುಕಟ್ಟೆಯ ತನಕ ಅಂಗಡಿ ಅಂಗಡಿ ಹೊಕ್ಕಳು. ಸಿರುಗುಪ್ಪದ ಎರ್ರಿ ಎಂದರೆ ಯಾರಿಗೂ ಗೊತ್ತಿಲ್ಲ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡ ಹಮಾಲ ಎಂದಾಗ ಒಬ್ಬ ಲಾರಿಯ ಕಡೆ ಕೈ ತೋರಿಸಿದ. ಎರ್ರಿ ಮೆಣಸಿನಕಾಯಿ ಚೀಲಗಳ ಮೇಲೆ ನಿಂತಿದ್ದ.

ಅವಳು ಹೇಳಿದ್ದನ್ನು ಕೇಳಿ ನಕ್ಕ. "ನಾಯಿ ಕಡಿದಿದ್ದು ಎಮ್ಮಿಗೆ. ನನಗ್ಯಾಕ ಸೂಜಿ?"

"ಎಮ್ಮಿ ಸಾಯಾಕತ್ತೈತಿ ಎರ್ರಿ. ಅದರ ಜೊಲ್ಲು ನಿನ್ನ ಗಾಯದಾಗ ಹೋಗೈತಿ."

"ನಾಯಿ ಕಡಿದು ಎಷ್ಟು ದಿನ ಆತು?"

"ಐದು ವಾರ."

ಅವನ ನಗು ಹೋಯಿತು. ಚೀಲಗಳಿಂದ ಇಳಿದು ಅವಳ ಎದುರು ಬಂದು ನಿಂತ. ಉಳಿದ ಹಮಾಲರು ಕೆಲಸ ಬಿಟ್ಟು ನೋಡುತ್ತಿದ್ದರು.

"ಗೊತ್ತಿದ್ದೂ ನನ್ನ ಕೈ ಹಾಕಿಸಿದ್ಯಾ? ನನಗ ಎರಡು ಹೆಣ್ಣುಮಕ್ಳು ಅದಾವ."

"ಹಿಂಗಾಗತೈತಿ ಅಂತ ಗೊತ್ತಿರಲಿಲ್ಲ. ನಾಯಿ ಮುಟ್ಟಿದ್ದು ಮಾತ್ರ ಗೊತ್ತಿತ್ತು. ತಪ್ಪು ನಂದು. ಬೈ, ಹೊಡಿ, ಆದ್ರ ಬಸ್ ಹತ್ತು. ನಿನ್ನ ಕಾಲು ಹಿಡೀತೀನಿ."

ಅವಳು ಬಗ್ಗಿಯೇ ಬಿಟ್ಟಳು. ಅವನು ಹಿಂದೆ ಸರಿದು ಟವೆಲ್ ಹೆಗಲಿಗೆ ಹಾಕಿಕೊಂಡ. ಬಸ್ಸಿನಲ್ಲಿ ಅವಳಿಂದ ದೂರ, ಕೊನೆಯ ಸೀಟಿನಲ್ಲಿ ಕೂತ. ದಾರಿಯಲ್ಲಿ ಶ್ರೀಕೃತಿಯ ಫೋನು ಬಂತು. ಎಮ್ಮೆ ಸತ್ತಿತ್ತು. ಚರ್ಮ ಸುಲಿಯಲು ಬಿಡದೆ, ಆಳವಾದ ಗುಂಡಿ ತೆಗೆಸಿ ಸುಣ್ಣ ಹಾಕಿ ಹೂಳಿಸುತ್ತೇನೆ ಎಂದಳು.

ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಎರ್ರಿಗೆ ಮೊದಲ ಸೂಜಿ ಹಾಕಿ, ಹೆಬ್ಬೆರಳಿನ ಸುತ್ತ ಸೀರಮ್ ಚುಚ್ಚಿದರು. ಅವನು ಹಲ್ಲು ಕಚ್ಚಿಕೊಂಡು ಗೋಡೆಗೆ ಮುಖ ಮಾಡಿದ. ಆಮೇಲೆ ವೈದ್ಯರು, ಇವರಿಗಾಗಿ ಕಾದು ಕೂತಿದ್ದ ಜಹೀರುದ್ದೀನನ ಕೈ ನೋಡಿ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಆ ನಾಯಿ ನಿಮಗೇನೂ ಮಾಡಿಲ್ಲಲ್ಲ?"

ಜಹೀರುದ್ದೀನ್ ಹೆಂಡತಿಯ ಕಡೆ ಒಮ್ಮೆ ನೋಡಿದ. ಆಮೇಲೆ ಪೈಜಾಮ ಮೇಲೆತ್ತಿದ. ಎಡಗಾಲಿನ ಮೀನಖಂಡದಲ್ಲಿ ಮಾಗಿದ ಎರಡು ಕಪ್ಪು ಚುಕ್ಕೆಗಳಿದ್ದವು.

"ಗದ್ದಿಯಾಗ ತಿರುಗಿ ಬಿದ್ದಿತ್ರಿ. ಹಲ್ಲು ಸ್ವಲ್ಪೇ ತಾಗಿತು. ಮೂರು ದಿನದಿಂದ ಇಲ್ಲಿ ಜುಂ ಅನ್ನಾಕತ್ತೈತಿ."

ವೈದ್ಯರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ಅಷ್ಟರಲ್ಲೇ ಕುಲ್ಸುಂಬೀಗೆ ಎಲ್ಲವೂ ತಿಳಿದುಹೋಯಿತು.

"ನನಗ್ಯಾಕ ಹೇಳಲಿಲ್ಲ?"

"ಎಮ್ಮಿದೇ ಮುಚ್ಚಿಡು ಅಂದಿದ್ದಿ," ಎಂದ ಅವನು, ದೂರುವ ದನಿಯಲ್ಲಲ್ಲ. "ನಂದು ಹೆಂಗ ಹೇಳಲಿ? ನಾಯಿ ಕಡಿದ ಗಂಡ ಹಿಂಡಿದ ಹಾಲು ಅಂತಿದ್ರು."

ಅವನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಶುಕ್ರವಾರ ಅವನಿಗೆ ನೀರು ಕುಡಿಯಲಾಗಲಿಲ್ಲ. ಲೋಟ ತುಟಿಯ ಹತ್ತಿರ ಬಂದರೆ ಗಂಟಲು ಬಿಗಿದು ಇಡೀ ಮೈ ಹಿಂದಕ್ಕೆ ಎಳೆಯುತ್ತಿತ್ತು. ಫ್ಯಾನಿನ ಗಾಳಿಗೂ ಬೆಚ್ಚುತ್ತಿದ್ದ. ಕೊನೆಗೆ ಫ್ಯಾನು ನಿಲ್ಲಿಸಿ ಕಿಟಕಿಗೆ ಬಟ್ಟೆ ಕಟ್ಟಿದರು. ಕುಲ್ಸುಂಬೀ ವರಾಂಡದಲ್ಲಿ ಕಂಡ ಪ್ರತಿಯೊಬ್ಬ ವೈದ್ಯರ ಹಿಂದೆ ಓಡಿದಳು. "ಇನ್ನೊಂದು ಸೂಜಿ ಹಾಕ್ರಿ. ನನ್ನ ಪಾಲಿಂದು ಅವನಿಗೇ ಹಾಕ್ರಿ." ಅವರು ತಲೆ ಅಲ್ಲಾಡಿಸಿದರು. ಒಬ್ಬ ನರ್ಸು ಅವಳ ಕೈಗೆ ಗ್ಲೋವ್ಸ್ ತೊಡಿಸಿ ಒಳಗೆ ಕೂರಲು ಬಿಟ್ಟಳು. ಅವನಿಗೆ ಬುದ್ಧಿ ಮಾತ್ರ ಕೊನೆಯ ತನಕ ನೆಟ್ಟಗಿತ್ತು. ಅದನ್ನೇ ಅವಳಿಗೆ ನೋಡಲಾಗಲಿಲ್ಲ.

"ಬಾಯಾರತೈತಿ," ಎನ್ನುತ್ತಿದ್ದ. ಒದ್ದೆ ಬಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದ. ಭಾನುವಾರ ಸಂಜೆ, "ಎರ್ರಿ ಸೂಜಿ ತಪ್ಪಿಸಬಾರದು, ನೋಡ್ಕೋ," ಎಂದ. ಸೋಮವಾರ ಬೆಳಿಗ್ಗೆ ತೀರಿಕೊಂಡ.

ಮಣ್ಣು ಮಾಡಿ ಎರಡನೆಯ ದಿನ, ಬುಧವಾರ, ಉಳಿದ ಇಬ್ಬರಿಗೂ ಮೂರನೆಯ ಸೂಜಿಯ ದಿನ. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಎಂಬ ಶೋಕದ ಅವಧಿಯಲ್ಲಿ ಮನೆಯೊಳಗೇ ಕೂರಬೇಕು. ಕುಲ್ಸುಂಬೀ ಬುರ್ಖಾ ತೊಟ್ಟು ಹೊಸಿಲಿಗೆ ಬಂದಾಗ ನಾದಿನಿ ಆಸ್ಫಿಯಾ ಅಡ್ಡ ನಿಂತಳು.

"ಅಂಥ ಜರೂರ್ ಏನೈತಿ ಭಾಭಿ? ಜನ ಏನಂತಾರ?"

"ಜನ ಏನಂತಾರ ಅಂತನೇ ಐದು ವಾರ ಸುಮ್ಮನಿದ್ದೆ ಆಸ್ಫಿಯಾ," ಎಂದಳು. ಆಸ್ಫಿಯಾ ದಾರಿ ಬಿಟ್ಟಳು.

ಎರ್ರಿ ತನ್ನ ಕಟ್ಟೆಯ ಮೇಲೆ ಕೂತಿದ್ದ. ಶನಿವಾರದ ಸೂಜಿಯನ್ನೇನೋ ಹಾಕಿಸಿಕೊಂಡು ಬಂದಿದ್ದ. ಆದರೆ ಸೂಜಿ ಹಾಕಿದರೂ ಜಹೀರುದ್ದೀನ್ ಸತ್ತನಲ್ಲ, ಇನ್ನು ಇದರಿಂದ ಏನು ಎಂಬುದು ಅವನ ತಲೆಗೆ ಹೊಕ್ಕಿತ್ತು. "ನಾ ಬರಂಗಿಲ್ಲ. ನೀನು ಹೋಗು," ಎಂದ.

ಅವಳು ಅವನ ಬಾಗಿಲಲ್ಲೇ ನೆಲಕ್ಕೆ ಕೂತಳು. "ಅವನದು ಐದು ವಾರ ತಡ ಆಗಿತ್ತು. ನಿಂದು ಒಂದೇ ದಿನ. ನೀನು ಏಳೋತನಕ ನಾ ಏಳಂಗಿಲ್ಲ."

ಓಣಿಯ ಹೆಂಗಸರು ನೋಡಿದರು. ಹಾಲು ಹಾಕಿಸಿಕೊಳ್ಳುತ್ತಿದ್ದವರಲ್ಲಿ ಕೆಲವರು ಬಾಗಿಲು ಹಾಕಿಕೊಂಡರು. ಬಿಸಿಲು ಕಟ್ಟೆಯಿಂದ ಇಳಿದು ಅವಳ ಮಡಿಲಿಗೆ ಬಂತು. ಒಳಗಿನಿಂದ ಎರ್ರಿಯ ಚಿಕ್ಕ ಮಗಳು ಇಣುಕಿ, "ಅಪ್ಪಾ, ಹೋಗಿ ಬಾ," ಎಂದಳು. ಅವನು ಎದ್ದ.

ಸಿರುಗುಪ್ಪದ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಒಂದೊಂದು ತುದಿಯಲ್ಲಿ ಕೂತರು. ಸೂಜಿ ಹಾಕಿದ ನರ್ಸು ಇಬ್ಬರ ಚೀಟಿಯಲ್ಲೂ ಮುಂದಿನ ತಾರೀಕು ಬರೆದು, ಪೂರ್ತಿ ಹಾಕಿಸಿಕೊಂಡರೆ ಭಯವಿಲ್ಲ ಎಂದಳು. ಎರ್ರಿ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡ. ಆಮೇಲೆ ಎರಡೂ ಚೀಟಿಗಳನ್ನು ಕುಲ್ಸುಂಬೀಯ ಕೈಗೆ ಕೊಟ್ಟು, "ನಂದು ನಿನ್ನ ಹತ್ರನೇ ಇರಲಿ. ಕರಿ, ಬರ್ತೀನಿ," ಎಂದು ಅವಳ ಮುಖ ನೋಡದೆ ಮಿಲ್ಲಿನ ಕಡೆ ನಡೆದ.