ಇನ್ನೊಂದು ಕೆನ್ನೆ

ಅಣ್ಣನ ಗದ್ದದ ಮೇಲೆ ಬೆರಳಗಲದ ಪಟ್ಟಿ ಅಂಟಿಸಿದ್ದರು. ಅವನಿರುವ ಆರೈಕೆ ಮನೆಯ ಮೇಲ್ವಿಚಾರಕಿ ಅವನ ಅಕ್ಕನನ್ನೂ ತಮ್ಮನನ್ನೂ ಕರೆಸಿದ್ದು ಆ ಪಟ್ಟಿಯ ಸಲುವಾಗಿಯೇ. ಇನ್ನು ಮೇಲೆ ರೇಜರ್ ಅವನ ಕೈಗೆ ಕೊಡುವುದು ಬೇಡ, ಗಡ್ಡ ಹೆರೆಯುವುದನ್ನು ಸಿಬ್ಬಂದಿ ನೋಡಿಕೊಳ್ಳುತ್ತಾರೆ, ಮನೆಯವರು ಹೂಂ ಅಂದರೆ ಸಾಕು ಎಂದರು.

ರಕ್ತ ಅಂದರೆ ಅಕ್ಕನಿಗೆ ಆಗುವುದಿಲ್ಲ. ಕೂತಲ್ಲೇ ಒಪ್ಪಿಬಿಟ್ಟಳು. ಅಣ್ಣನೂ ಅಲ್ಲೇ ಕೂತಿದ್ದ. ತನ್ನ ವಿಷಯ ಬಂದಾಗ ಗೋಡೆ ನೋಡುತ್ತಾ ಕೂರುವುದು ಅವನಿಗೆ ಚಿಕ್ಕಂದಿನಿಂದ ರೂಢಿ.

ಹುಟ್ಟಿನಿಂದಲೇ ಅಣ್ಣನ ಬುದ್ಧಿ ನಿಧಾನ; ಓದು, ಲೆಕ್ಕ ತಲೆಗೆ ಹತ್ತಲೇ ಇಲ್ಲ. ಆದರೆ ಅಪ್ಪ ಗಡ್ಡ ಹೆರೆಯುವುದನ್ನು ನೋಡಿ ನೋಡಿ ಅದನ್ನು ಕಲಿತಿದ್ದ. ತಮ್ಮನಿಗೆ ಮೀಸೆ ಚಿಗುರಿದಾಗ ಕನ್ನಡಿ ಮುಂದೆ ನಿಲ್ಲಿಸಿ ಕಲಿಸಿದವನೂ ಅವನೇ. ಅಣ್ಣನಾಗಿ ಅವನು ಕಲಿಸಿದ್ದು ಅದೊಂದನ್ನೇ. ಅದನ್ನೂ ಕಿತ್ತುಕೊಳ್ಳಲು ಈಗ ತಮ್ಮ ತಲೆಯಾಡಿಸಬೇಕಿತ್ತು.

"ಅವನನ್ನೇ ಕೇಳೋಣ," ಎಂದ ತಮ್ಮ.

"ಅವನೇನು ಹೇಳ್ತಾನೋ?" ಎಂದಳು ಅಕ್ಕ.

ತಮ್ಮ ಅಣ್ಣನ ಕಡೆ ತಿರುಗಿ ತನ್ನ ಕೆನ್ನೆ ತೋರಿಸಿದ. "ನೋಡಣ್ಣ, ಕಾಡು ಬೆಳೆದ ಹಾಗೆ ಬೆಳೆದಿದೆ. ತೆಗೀತೀಯಾ?"

ಮೇಲ್ವಿಚಾರಕಿ ಒಲ್ಲದ ಮನಸ್ಸಿನಿಂದಲೇ ಸಾಮಾನು ತರಿಸಿದರು. ಅಣ್ಣ ಕುರ್ಚಿಯನ್ನು ಎತ್ತಿ ಕಿಟಕಿಯ ಪಕ್ಕ ಇಟ್ಟ. ತಮ್ಮನನ್ನು ಕೂರಿಸಿ ಕುತ್ತಿಗೆಗೆ ಟವೆಲ್ ಸುತ್ತಿ, ನಿಧಾನಕ್ಕೆ ನೊರೆ ಹಚ್ಚಿದ. ಅಕ್ಕ ಮುಖ ಆ ಕಡೆ ಮಾಡಿಕೊಂಡಳು.

"ಕೆನ್ನೆ ಉಬ್ಬಿಸು. ಅಲ್ಲಾಡ್ಬೇಡ. ಆಗ್ಲೂ ಹಿಂಗೇ, ಒಂದು ಕಡೆ ಕೂರೋನಲ್ಲ ನೀನು," ಎಂದ ಅಣ್ಣ.

ಬ್ಲೇಡು ಕೆನ್ನೆಯ ಮೇಲೆ ಕರಕರ ಸರಿಯತೊಡಗಿತು. ತಮ್ಮ ಕಣ್ಣು ಮುಚ್ಚಿಕೊಂಡ. ಹೆದರಿಕೆಗಲ್ಲ, ಆ ಕೈಯ ಭಾರ ಗುರುತು ಸಿಕ್ಕಿತ್ತು.

ಒಂದು ಕೆನ್ನೆ ಮುಗಿದಾಗ ಮೇಲ್ವಿಚಾರಕಿ ಮೆಲ್ಲಗೆ ಕೇಳಿದರು, "ಮತ್ತೆ ಮೊನ್ನೆ ಹೇಗೆ ಕುಯ್ದುಕೊಂಡ್ರಿ?"

"ಬಚ್ಚಲಲ್ಲಿ ಕತ್ತಲೆ," ಎಂದ ಅಣ್ಣ. "ಲೈಟ್ ಹೋಗಿದೆ."

ಅಲ್ಲಿಯವರೆಗೆ ಯಾರೂ ಅವನನ್ನು ಕೇಳಿರಲಿಲ್ಲ. ಮೇಲ್ವಿಚಾರಕಿಯ ಮುಖ ಸಣ್ಣದಾಯಿತು. ಇವತ್ತೇ ಬಲ್ಬ್ ಹಾಕಿಸುತ್ತೇನೆ, ರೇಜರ್ ಇವರ ಹತ್ತಿರವೇ ಇರಲಿ, ಹೆರೆಯುವಾಗ ಒಬ್ಬರು ಪಕ್ಕದಲ್ಲಿ ನಿಂತಿರಲಿ, ಆಗಬಹುದೇ ಎಂದರು. ಈ ಸಲ ಅವರು ಕೇಳಿದ್ದು ಅಣ್ಣನನ್ನು. ಅವನು ಸ್ವಲ್ಪ ಯೋಚಿಸಿ ಹೂಂ ಅಂದ.

ಅಕ್ಕ ಎದ್ದು ಬಂದು ತಮ್ಮನ ಕೆನ್ನೆ ಸವರಿ ನೋಡಿದಳು. "ಮದುವೆ ದಿನಾನೂ ಇಷ್ಟು ನುಣ್ಣಗಿರಲಿಲ್ವಲ್ಲೋ ಇದು."

ಅಣ್ಣ ನಗಲಿಲ್ಲ. ಕೆಲಸದಲ್ಲಿದ್ದ. ಅವಳ ಕೈ ಸರಿಸಿ, ತಮ್ಮನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ.

"ತಡಿ ಅಕ್ಕ. ಇನ್ನೊಂದು ಕೆನ್ನೆ ಇದೆ."