ಕಡ್ಡಿ ಪೀಂ ಅನ್ನುವವರೆಗೆ

ತಣ್ಣಗೆ ತಾಗಿತು ಥರ್ಮಾಮೀಟರಿನ ತುದಿ, ನಾಲಗೆಯಡಿ ಎಡಕ್ಕಿರುವ ಆ ಪುಟ್ಟ ಗುಳಿಯಲ್ಲಿ ಸರಿಯಾಗಿ ಕೂತಿತು, ಇನ್ನು ತುಟಿ ಮುಚ್ಚು ಅಪರ್ಣಾ, ಮುಚ್ಚಿದಳು, ಪಕ್ಕದ ಫ್ಲ್ಯಾಟಿನ ಕುಕ್ಕರ್ ಒಂದು ಸೀಟಿ ಹೊಡೆದು ಎರಡನೆಯದಕ್ಕೆ ಉಸಿರು ತುಂಬಿಕೊಳ್ಳುತ್ತಿದೆ, ಮೇಲೆ ಫ್ಯಾನು ಒಂದರಲ್ಲಿ, ಅಲಾರಂ ಆಫ್ ಮಾಡಿದ ಕೈ ಇನ್ನೂ ದಿಂಬಿನ ಕೆಳಗೇ — ಏಳಬಾರದು, ನೀರು ಕುಡಿಯಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಮಾತಾಡಬಾರದು, ಈ ಕೊನೆಯದೇ ಅವಳ ಪಾಲಿನ ಏಕಾದಶಿ, ನಿರ್ಜಲ ಅಲ್ಲ, ನಿರ್ಜಿಹ್ವ. ಡೊಂಬಿವಲಿಯಿಂದ ಬೇಲಾಪುರದ ಆಫೀಸು ತಲುಪಲು ಠಾಣೆಯಲ್ಲಿ ಒಂದು ಸಲ ಟ್ರೇನು ಬದಲಾಯಿಸುವವಳು ಅಷ್ಟರೊಳಗೆ ನಾಲ್ಕು ಸಲ ದನಿ ಬದಲಾಯಿಸುತ್ತಾಳೆ, ಲೇಡೀಸ್ ಡಬ್ಬದಲ್ಲಿ ಅನೌನ್ಸ್‌ಮೆಂಟಿನ ಹೆಂಗಸಿನ ಮೂಗುದನಿಯಲ್ಲೇ ಪುಢೀಲ ಸ್ಟೇಶನ್ ಠಾಣೆ, ಮುಂದಿನ ಸ್ಟೇಶನ್ ಠಾಣೆ ಅಂದುಬಿಟ್ಟು, ಇನ್ನೂ ಮುಂಬ್ರಾ ಕೂಡ ದಾಟದ ಗಾಡಿಯಲ್ಲಿ ಅರ್ಧ ನಿದ್ದೆಯವರನ್ನೆಲ್ಲ ಬಾಗಿಲ ತನಕ ಓಡಿಸಿ ಬೈಸಿಕೊಂಡವಳು, ಬಾಸ್ ಭುಜಂಗರಾಯರ ಕೆಮ್ಮನ್ನು ಅವರ ಹಿಂದೆಯೇ ನಿಂತು ಕೆಮ್ಮಿ ಅವರೇ ತಿರುಗಿ ನೋಡುವಂತೆ ಮಾಡಿದವಳು, ಅಂಥವಳು ದಿನಾ ಬೆಳಿಗ್ಗೆ ಬಾಯಿಗೆ ಕಡ್ಡಿ ಇಟ್ಟುಕೊಂಡು ಸುಮ್ಮನೆ ಮಲಗಿರುವುದೆಂದರೆ — ಆದರೆ ಮಲಗಿದ್ದಾಳಲ್ಲ, ಮಳೆಗಾಲ ಮುಗಿದಾಗಿನಿಂದ ಈ ಡಿಸೆಂಬರಿನವರೆಗೆ ಒಂದು ದಿನ ತಪ್ಪಿಸದೆ ಮಲಗಿದ್ದಾಳೆ, ಹೆಂಗಸಿನ ಮಾನ ಅಳೆಯುವವರು ಸೊಸೈಟಿಯ ತುಂಬ ಇದ್ದಾರೆ, ತಾಪಮಾನ ಅಳೆದುಕೊಂಡವಳು ಅವಳೊಬ್ಬಳೇ. ಇವತ್ತು ಟೆಸ್ಟಿಗೆ ರಕ್ತ ಕೊಡುವ ದಿನ. ಡಾಕ್ಟರು ಹೇಳಿದ ದಿನವಲ್ಲ, ಅವಳು ಹೇಳಿದ ದಿನ.

ಅದನ್ನು ನೆನೆದರೇ ಎದೆ ಒಂದಿಂಚು ಉಬ್ಬುತ್ತದೆ, ಉಬ್ಬಬಾರದು, ಉಸಿರು ಒಂದೇ ಸಮ ಇರಲಿ, ಮೂಗಿನಿಂದ. ನೌಪಾಡಾದ ಡಾಕ್ಟರು ಒಳ್ಳೆಯವರೇ, ದೇಖೋ ಬೇಟಾ ಅಂತಲೇ ಮಾತು ಶುರು, ಕನ್ನಡಕ ಮೂಗಿನ ತುದಿಗೆ ಇಳಿಸಿ, ದೇಖೋ ಬೇಟಾ ಟೆನ್ಶನ್ ನಹೀ ಲೇನೇ ಕಾ, ಮುಟ್ಟಾದ ಇಪ್ಪತ್ತೊಂದನೇ ದಿನದ ರಕ್ತದಲ್ಲಿ ಹಾರ್ಮೋನು ಏರಿಲ್ಲ, ಅಂದರೆ ಅಂಡ ಬಿಡುಗಡೆ ಆಗುತ್ತಿಲ್ಲ ಅನಿಸುತ್ತೆ, ಇನ್ನೊಮ್ಮೆ ನೋಡೋಣ, ಆಗಲೂ ಹೀಗೇ ಬಂದರೆ ಮಾತ್ರೆ ಶುರು ಮಾಡೋಣ. ಆಗುತ್ತಿಲ್ಲ. ಎರಡು ದಿನ ಆ ಪದ ಅವಳ ಜೊತೆ ಟ್ರೇನು ಹತ್ತಿತು, ಟ್ರೇನು ಇಳಿಯಿತು, ಯಾರ ದನಿಯನ್ನೂ ಅನುಕರಿಸಲಿಲ್ಲ ಅವಳು, ತುರ್ಭೆಯಲ್ಲಿ ಇಳಿಯುವ ರಮಿತಾಳೇ ಕೇಳಿದಳು, ಎಂತ ಅಪ್ಪು, ರೇಡಿಯೋ ಬಂದ್? ರಮಿತಾ ಕಾರ್ಕಳದ ಕಡೆಯವಳು, ಗಾಡಿಯ ಗೆಳತಿ, ಎರಡನೆಯ ಮಗುವಿಗಾಗಿ ಇದನ್ನೆಲ್ಲ ಮಾಡಿ ಮುಗಿಸಿದವಳು, ನೇತಾಡುವ ಹಿಡಿಗೆ ಜೋತುಬಿದ್ದು ಅಷ್ಟು ಜನರ ನಡುವೆ ಸ್ವಲ್ಪವೂ ನಾಚದೆ ಹೇಳಿದಳು, ನಿನ್ನದು ಉದ್ದದ ತಿಂಗಳಲ್ವಾ ಮಾರಾಯ್ತಿ, ಡೇಟ್ ಯಾವಾಗಲೂ ಲೇಟ್, ಹಾಗಾದರೆ ಅಂಡವೂ ಲೇಟಾಗಿಯೇ ಹೊರಡುದು, ಅದು ಹೊರಡುವ ಮೊದಲೇ ಹೋಗಿ ರಕ್ತ ಕೊಟ್ಟರೆ ಅದರಲ್ಲಿ ಎಂತ ಸಿಗ್ತದೆ, ಮಣ್ಣು? ಎದ್ದ ಕೂಡಲೇ ಟೆಂಪರೇಚರ್ ನೋಡು, ದಿನಾ, ಅದೇ ಹೊತ್ತಿಗೆ, ಅಂಡ ಬಿಟ್ಟ ಮೇಲೆ ಮೈ ಸ್ವಲ್ಪ ಬೆಚ್ಚಗಾಗ್ತದೆ, ಮುಟ್ಟು ಬರುವ ತನಕ ಹಾಗೇ ಇರ್ತದೆ. ಅಷ್ಟು ಹೇಳಿ ತುರ್ಭೆಯಲ್ಲಿ ಧುಮುಕಿದಳು. ಅಪರ್ಣಾ ಬೇಲಾಪುರ ಬರುವಷ್ಟರಲ್ಲಿ ಥರ್ಮಾಮೀಟರ್ ಆರ್ಡರ್ ಮಾಡಿದ್ದಳು.

ಮೊದಲ ತಿಂಗಳ ಗೆರೆ — ಅಯ್ಯೋ ಅದು ಗೆರೆಯಾ, ಕಸಾರಾ ಘಾಟಿನ ಹಾಗೆ ಏರಿ ಇಳಿದು ಏರಿ, ಒಂದು ದಿನ ನಿದ್ದೆಗೆಟ್ಟಿದ್ದಕ್ಕೆ ಏರಿತು, ಒಂದು ದಿನ ನೆಗಡಿಗೆ ಏರಿತು — ಮತ್ತೆ ಎರಡನೆಯ ತಿಂಗಳು, ಫೋನಿನ ಪರದೆಯ ಮೇಲೆ ಚುಕ್ಕಿ ಪಕ್ಕ ಚುಕ್ಕಿ, ತೊಂಬತ್ತೇಳು ಚಿಲ್ಲರೆಯಲ್ಲಿ ಶಿಸ್ತಾಗಿ ಸಾಲು ಕೂತು, ಒಂದು ಬೆಳಿಗ್ಗೆ ಟಕ್ಕನೆ ಮೆಟ್ಟಿಲು ಹತ್ತಿ ತೊಂಬತ್ತೆಂಟರ ಆಚೆ ಹೋಗಿ ಅಲ್ಲೇ ಮನೆ ಮಾಡಿತು, ಮರುದಿನವೂ ಅಲ್ಲೇ, ಅದರ ಮರುದಿನವೂ. ಮುರಾರಿಗೆ ತೋರಿಸಿದರೆ ಅವನು ಹೋಟೆಲಿನವನು, ಅಪ್ಪನ ಕಾಲದಿಂದ ನೌಪಾಡಾದಲ್ಲಿ ಇಡ್ಲಿ ಬೇಯಿಸುವ ವಂಶ, ಅವನಿಗೆ ಜಗತ್ತಿನಲ್ಲಿ ಏರುವುದೆಂದರೆ ಹಿಟ್ಟು ಒಂದೇ, ಹೋ ಉಬ್ಬಿತಾ, ಹಾಗಾದರೆ ಇವತ್ತೇ ಹೊಯ್ಯಬೇಕು, ಇವತ್ತು ಬೇಗ ಬರ್ತೇನೆ ಅಂದ. ಬೇಗ ಬಂದೂ ಬಂದ ಪಾಪ, ಗಲ್ಲಾದಲ್ಲಿ ಕೆಲಸದ ಹುಡುಗ ಜಯೇಶನನ್ನು ಕೂರಿಸಿ, ಎಣ್ಣೆ ವಾಸನೆ ಹೋಗಲೆಂದು ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ, ಶರ್ಟಿಗೆ ಸೆಂಟು ಹೊಡೆದು. ಅವಳೂ ಹಾಗೆಯೇ ಅಂದುಕೊಂಡಿದ್ದಳು ಅನ್ನಿ. ಮೂರನೆಯ ತಿಂಗಳು ಓದಿ ಓದಿ ಅರ್ಥವಾದದ್ದು, ಏರಿದ ಚುಕ್ಕಿ ಅಂದರೆ ಆಗಲೇ ಬಿಟ್ಟುಹೋದ ಗಾಡಿ, ಪ್ಲಾಟ್‌ಫಾರ್ಮಿನಲ್ಲಿ ಇಂಡಿಕೇಟರ್ ಬದಲಾಗುವುದು ಗಾಡಿ ಹೊರಟ ಮೇಲೆ ತಾನೆ, ಇವರಿಬ್ಬರೂ ಸೆಂಟು ಹಚ್ಚಿಕೊಂಡು ಖಾಲಿ ಹಳಿ ನೋಡುತ್ತ ನಿಂತಿದ್ದರು — ಏರುವ ಮೊದಲಿನ ದಿನಗಳೇ ಮಗುವಿಗೆ ಸರಿಯಾದ ದಿನಗಳು, ಅದನ್ನು ಹಿಂದಿನ ತಿಂಗಳ ಗೆರೆ ನೋಡಿ ಅಂದಾಜು ಕಟ್ಟಬೇಕು. ಅಡಿಗೆಮನೆಯಲ್ಲಿ ನಿಂತು ಅವನಿಗೆ ವಿವರಿಸಿದಳು, ನೋಡು ಮುರಾರಿ, ಹಿಟ್ಟು ಉಬ್ಬಿದ್ದು ಕಂಡಾಗ ಹುಳಿ ಬಂದಾಗಿದೆ, ತಿಳಿಯಿತಾ, ಅದಕ್ಕಿಂತ ಮೊದಲು, ಮೊದಲು! ಆ ಬದಿಯಲ್ಲಿ ಅತ್ತೆ ಬೆನ್ನು ಹಾಕಿ ಕಾಯಿ ತುರಿಯುತ್ತಿದ್ದರು, ತುರಿಮಣೆಯ ಸದ್ದು ನಿಂತಿತ್ತು ಅಂತ ಈಗ ನೆನಪಾಗುತ್ತದೆ. ಮುರಾರಿ ತಲೆ ಕೆರೆದುಕೊಂಡು, ಮೆತ್ತಗೆ ಮಾರಾಯ್ತಿ, ಬಿಲ್ಡಿಂಗಿಗೆಲ್ಲ ಕೇಳ್ತದೆ, ನಮ್ಮ ಹೋಟೆಲಿನ ಬೋರ್ಡಿನಲ್ಲಿ ಶುದ್ಧ ಶಾಕಾಹಾರಿ ಅಂತ ಉಂಟು, ಮನೆಯಲ್ಲಿ ಹಗಲೂ ರಾತ್ರಿ ಮೊಟ್ಟೆಯದ್ದೇ ಚರ್ಚೆ, ಅಂದ.

ಆ ಗೆರೆಯನ್ನು ಹಿಡಿದುಕೊಂಡೇ ಅಲ್ಲವೇ ಅವಳು ಡಾಕ್ಟರ ಮುಂದೆ ಕೂತದ್ದು, ಬೆವರಿದ ಕೈಯಲ್ಲಿ ಫೋನು, ಮ್ಯಾಡಮ್, ನನ್ನದು ಆಗುತ್ತದೆ, ಲೇಟಾಗಿ ಆಗುತ್ತದೆ, ಈ ಸಲ ಮೈ ಬೆಚ್ಚಗಾದ ಒಂದು ವಾರಕ್ಕೆ ರಕ್ತ ಕೊಡುತ್ತೇನೆ, ಆಗ ನೋಡಿ. ಕನ್ನಡಕ ಮೂಗಿನ ತುದಿಯಿಂದ ಮೇಲೆ ಹೋಯಿತು, ಪರದೆಯ ಮೇಲೆ ಬೆರಳು ಆಡಿತು, ಠೀಕ್ ಹೈ, ತುಮ್ಹಾರೇ ಹಿಸಾಬ್ ಸೇ ಕರತೇ ಹೈಂ. ತುಮ್ಹಾರೇ ಹಿಸಾಬ್ ಸೇ! ಅಷ್ಟು ವರ್ಷ ಓದಿದವರು ಅವಳ ಮೈಯ ಲೆಕ್ಕವನ್ನು ಅವಳಿಂದಲೇ ಕೇಳಿ ಒಪ್ಪಿಕೊಂಡರು, ಆ ಸಂಜೆ ಠಾಣೆ ಸ್ಟೇಶನ್ನಿನ ನೂಕುನುಗ್ಗಲಿನಲ್ಲಿ ಯಾರ ಮೊಣಕೈ ತಾಗಿದರೂ ನೋಯಲಿಲ್ಲ, ಈ ಸಾವಿರ ಜನರಲ್ಲಿ ತನ್ನ ಒಳಗಿನ ಗಾಡಿಯ ಟೈಮ್‌ಟೇಬಲ್ಲು ಗೊತ್ತಿರುವವಳು ನಾನು ಅಂತ ರಾಣಿಯ ಹಾಗೆ ನಡೆದಳು. ಮತ್ತೆ ಈ ತಿಂಗಳು ಕಾದಳು, ಕಾದಳು, ಹೋದ ವಾರ ಏರಿತು, ನಿಂತಿತು, ಇಳಿಯಲಿಲ್ಲ. ಇವತ್ತು ರಕ್ತದಲ್ಲೂ ಏರಿದ್ದು ಕಂಡರೆ ಮಾತ್ರೆ ಬೇಡ, ಆಗುತ್ತಿಲ್ಲ ಅನ್ನುವ ಪದವೂ ಬೇಡ. ಕಾಣದಿದ್ದರೆ — ಬಾಗಿಲಲ್ಲಿ ಬಳೆ ಸದ್ದು. ಬಂದರು. ಮುರಾರಿ ನಸುಕಿಗೇ ಹೋಟೆಲಿಗೆ ಹೊರಟರೆ ಬಾಗಿಲು ಅರ್ಧ ತೆರೆದೇ ಇರುತ್ತದೆ, ಅತ್ತೆಗೆ ಅದೇ ವೇದಿಕೆ. ಅತ್ತೆ ಮುಕ್ತಾ ಅಮ್ಮನನ್ನು ಅಪರ್ಣಾ ಮದುವೆಯಾದ ತಿಂಗಳಿನಿಂದಲೇ ಅನುಕರಿಸಿದ್ದಾಳೆ, ಫೋನೆತ್ತಿ ಹಾಂ ಹೇಳಿ ಅನ್ನುವ ಆ ಎಳೆದ ರಾಗದಲ್ಲಿ ಕಲ್ಯಾಣದ ನಾದಿನಿಯ ಜೊತೆ ಅರ್ಧ ಗಂಟೆ ಮಾತಾಡಿ ಹಲಸಿನ ಹಪ್ಪಳ ಕಳಿಸಲು ಒಪ್ಪಿಸಿದ್ದೂ ಉಂಟು, ಅತ್ತೆ ತಿರುಗಿ ಒಂದು ಮಾತಂದರೆ ಇವಳದು ಎರಡು. ಅದಕ್ಕೇ ಈ ಕಡ್ಡಿ ಬಂದಾಗಿನಿಂದ ಅತ್ತೆ, ಲೋಕದಲ್ಲಿ ಸೊಸೆಗೆ ಉತ್ತರ ಕೊಡಲಾಗದ ಏಕೈಕ ಮುಹೂರ್ತವನ್ನು ಕಂಡುಹಿಡಿದುಬಿಟ್ಟಿದ್ದಾರೆ, ದಿನಾ ಬಾಗಿಲಿಗೆ ಒರಗಿ ಒಂದೊಂದು ದೂರು, ಸಾರಿಗೆ ಉಪ್ಪು ಹೆಚ್ಚಾಗಿತ್ತು, ಒಗೆದ ಬಟ್ಟೆ ಮಡಚಲಿಲ್ಲ, ಜ್ವರ ಇಲ್ಲದವಳಿಗೆ ಜ್ವರದ ಕಡ್ಡಿ ಎಂತಕ್ಕೆ, ಹೇಳಿ ಮುಗಿಸಿ ಕಡ್ಡಿ ಪೀಂ ಅನ್ನುವ ಮೊದಲೇ ಮಾಯ.

ಅಪರ್ಣಾ, ಒಂದು ಮಾತು ಹೇಳ್ಬೇಕಿತ್ತು, ಸಿಟ್ಟು ಮಾಡ್ಬೇಡ ಆಯ್ತಾ, ಹೇಗೂ ಈಗ ಮಾಡ್ಲಿಕ್ಕೂ ಆಗುದಿಲ್ಲ. ದನಿ ಎಂದಿನ ಹಾಗಿಲ್ಲ, ಮೆತ್ತಗಿದೆ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾರೆ. ನೀನು ಈ ಬಿಸಿ ಏರಬೇಕು ಏರಬೇಕು ಅಂತ ದಿನಾ ಕಾಯುದು ನೋಡಿ ನನಗೇ ಪಾಪ ಕಂಡಿತು, ಚಳಿಗಾಲದಲ್ಲಿ ಹಿಟ್ಟಿನ ಡಬ್ಬಕ್ಕೆ ನಾವು ಗೋಣಿ ಹೊದಿಸುದಿಲ್ವಾ, ಇಲ್ಲದಿದ್ದರೆ ಅದು ಏರ್ತದಾ, ಹಾಗೇ ಹೋದ ವಾರದಿಂದ ಮುರಾರಿ ಆಚೆ ಹೋದ ಕೂಡಲೇ ನಾನು ಮೆಲ್ಲ ಬಂದು ಫ್ಯಾನು ಬಂದ್ ಮಾಡಿ ದಪ್ಪ ರಗ್ಗು ಹೊದಿಸ್ತಿದ್ದೆ, ನಿನ್ನ ಅಲಾರಂ ಹೊಡೆಯುವ ಮೊದಲು ತೆಗೆದುಬಿಡ್ತಿದ್ದೆ, ಏರಿತಲ್ಲ ಮತ್ತೆ? — ಏನು, ಏನಂದರು, ರಗ್ಗು, ಹೋದ ವಾರದಿಂದ, ಸರಿಯಾಗಿ ಹೋದ ವಾರದಿಂದ, ಹಾಗಾದರೆ ಆ ಮೆಟ್ಟಿಲು, ಆ ಚುಕ್ಕಿಗಳು, ಅದು ಅವಳದ್ದಲ್ಲ, ರಗ್ಗಿನದ್ದು, ಒಲೆಯ ಪಕ್ಕ ಇಟ್ಟ ಪಾತ್ರೆಯ ಬಿಸಿ, ಅಂಡ ಇನ್ನೂ ಬಿಟ್ಟೇ ಇಲ್ಲವೋ ಏನೋ, ಇವತ್ತು ಹೋಗಿ ರಕ್ತ ಕೊಟ್ಟರೆ ಮತ್ತೆ ಏನೂ ಇಲ್ಲ ಅಂತ ಬರುತ್ತದೆ, ಕನ್ನಡಕ ಮತ್ತೆ ಮೂಗಿನ ತುದಿಗೆ, ದೇಖೋ ಬೇಟಾ, ಮತ್ತೆ ಆ ಪದ, ಅವಳೇ ಮುಂದೆ ನಿಂತು ಬರೆಸಿಕೊಂಡ ಪದ, ಮೊನ್ನೆ ಒಂದು ದಿನ ಬೆನ್ನಲ್ಲಿ ಬೆವರಿತ್ತಲ್ಲ, ಹೌದು ಬೆವರಿತ್ತು, ಅತ್ತೆ, ಅಯ್ಯೋ ಅತ್ತೆ, ಮೂರು ತಿಂಗಳು ನಾಲಗೆ ಕಟ್ಟಿಕೊಂಡದ್ದು ಇದಕ್ಕಾ, ಕಿರುಚಬೇಕು, ಕಡ್ಡಿ ಇದೆ, ಕಡ್ಡಿಯನ್ನು ಇನ್ನೇಕೆ ಕಾಯುವುದು, ಕಣ್ಣಿನ ಮೂಲೆಯಲ್ಲಿ ನೀರು ಬಂತು, ಮೈ ಯಾಕೆ ಹೀಗೆ ಮೋಸ — ಇಲ್ಲ, ಮೈ ಮೋಸ ಮಾಡಲಿಲ್ಲ, ಪಾಪದ ಮೈ, ಅದಕ್ಕೆ ರಗ್ಗು ಹೊದಿಸಿದರೆ ಅದಾದರೂ ಏನು ಮಾಡೀತು.

ಯಾವ ರಗ್ಗು ಅಂತ ಕೇಳುದಿಲ್ವಾ? ಅತ್ತೆಯ ದನಿ ಈಗ ಬೇರೆ, ತುಟಿಯ ಬದಿ ನಡುಗುತ್ತಿದೆ. ದಪ್ಪ ರಗ್ಗು ಈ ಮನೆಯಲ್ಲಿ ಇದ್ದದ್ದು ಒಂದೇ, ಅದನ್ನು ಹೋದ ತಿಂಗಳು ಹಿಟ್ಟಿಗೆ ಬೇಕು ಅಂತ ಹೋಟೆಲಿಗೆ ಹೊತ್ತುಕೊಂಡು ಹೋದದ್ದು ಯಾರು, ಗಾಡಿಯಲ್ಲಿ ಒಬ್ಬಳ ಸೀಟು ಅದಕ್ಕೇ ಹೋಯ್ತು ಅಂತ ಸಂಜೆ ಬಂದು ಆ್ಯಕ್ಟಿಂಗ್ ಮಾಡಿ ತೋರಿಸಿದ್ದು ಯಾರು, ನೀನೇ ಅಲ್ವಾ? ಎಂತಾ ಹುಡುಗಿ, ಹೊರಗಿನ ಬಿಸಿ ತಾಗಿದರೆ ಲೆಕ್ಕ ಕೆಡ್ತದೆ ಅಂತ ನಿನ್ನ ಗಂಡನಿಗೆ ಪಾಠ ಮಾಡಿದ್ದು ನನಗೆ ಕೇಳಲಿಲ್ಲ ಅಂದುಕೊಂಡೆಯಾ, ನಸುಕಿಗೆ ಈ ಬಾಗಿಲು ದಾಟಿ ಹೋಗುವಾಗ ಚಪ್ಪಲಿ ಕೂಡ ಹಾಕುದಿಲ್ಲ ನಾನು, ಎಚ್ಚರಾದರೆ ಅಂತ! ಸುಳ್ಳು. ಸುಳ್ಳು ಹೇಳಿದರು. ಮುಕ್ತಾ ಅಮ್ಮ, ಶನಿವಾರಕ್ಕೆ ಉಪವಾಸ ಮಾಡುವ ಮುಕ್ತಾ ಅಮ್ಮ, ಗೆರೆ ಎಲ್ಲಿ ನೋಯುತ್ತದೆ ಅಂತ ಸರಿಯಾಗಿ ತಿಳಿದು ಅಲ್ಲಿಗೇ ಬೆರಳಿಟ್ಟರು, ಏರಿದ್ದು ಹೋದ ವಾರ ಅಂತ ಅವರಿಗೆ ಗೊತ್ತು, ಇವತ್ತು ರಕ್ತ ಯಾಕೆ ಅಂತ ಗೊತ್ತು, ಬೆನ್ನು ಹಾಕಿ ಕಾಯಿ ತುರಿಯುತ್ತಲೇ ಮುರಾರಿಗಿಂತ ಮೊದಲು ಕಲಿತುಬಿಟ್ಟಿದ್ದಾರೆ, ಹಾಗಾದರೆ ಮೆಟ್ಟಿಲು ಅವಳದ್ದೇ, ಬೆವರೂ ಅವಳದ್ದೇ, ಎಲ್ಲ ಅವಳದ್ದೇ, ಗಂಟಲಿನಲ್ಲಿ ಏನೋ ಗುಡುಗುಡು ಮೇಲೆ ಬರುತ್ತಿದೆ, ನಗಬಾರದು, ಮೂಗಿನಿಂದ ಉಸಿರು, ಲ್ಯಾಬು, ಮುರಾರಿ ಹೋಟೆಲಿನಿಂದ ನೇರ ಅಲ್ಲಿಗೇ ಬರುತ್ತಾನೆ, ತೋಳು ಚಾಚಬೇಕು, ಆದರೆ ಬಾಗಿಲಲ್ಲಿ ಅತ್ತೆ ಸೊಂಟದಿಂದ ಒಗ್ಗರಣೆ ಸೌಟು ತೆಗೆದರು, ಅದರ ಹಿಡಿಯನ್ನು ನಾಲಗೆಯಡಿ ಇಟ್ಟುಕೊಂಡರು, ಕಣ್ಣು ಸೂರಿಗೆ ನೆಟ್ಟರು, ಒಂದು ಕೈ ಎತ್ತಿ ಯಾರೂ ಮಾತಾಡಿಸಬೇಡಿ ಅಂತ ತಡೆದರು, ಮುಖದಲ್ಲಿ ಆ ಗಾಂಭೀರ್ಯ, ಅಯ್ಯೋ ನಾನು ಹೀಗೆ ಕಾಣುತ್ತೇನಾ, ಹೀಗೆಯೇ ಕಾಣುತ್ತೇನೆ, ಒಂದು ರೋಮ ವ್ಯತ್ಯಾಸವಿಲ್ಲ — ಒಡೆಯಿತು ನಗು, ಕಡ್ಡಿ ಹಾರಿ ಹಾಸಿಗೆಯ ಆಚೆ ಎಲ್ಲೋ ಬಿತ್ತು, ಇವತ್ತಿನ ಚುಕ್ಕಿ ಹೋಯಿತು, ಹೋಗಲಿ, ಗೆರೆ ನಿಂತಾಗಿದೆ, ಒಂಬತ್ತಕ್ಕೆ ಲ್ಯಾಬು, ಸೌಟು, ಠಾಣೆಗೆ ಫಾಸ್ಟು ಗಾಡಿ, ಬಾಯಲ್ಲಿ ಸೌಟು, ಅವಳು ಹೊಟ್ಟೆ ಹಿಡಿದುಕೊಂಡು ಇಡೀ ಮಹಡಿಗೆ ಕೇಳುವಷ್ಟು ನಗುತ್ತಿದ್ದಾಳೆ, ಅತ್ತೆ ಇನ್ನೂ ನಗುತ್ತಿಲ್ಲ, ಪಾತ್ರದಲ್ಲಿದ್ದಾರೆ, ಲ್ಯಾಬಿಗೆ ಹೋಗಬೇಕು, ಏಳಬೇಕು, ಬಾಗಿಲಲ್ಲಿ ಅತ್ತೆ, ಬಾಯಲ್ಲಿ ಸೌಟು, ಕಣ್ಣು ಸೂರಿನಲ್ಲಿ, ಎತ್ತಿದ ಕೈ —