ನಲವತ್ತೊಂದು ತಿಂಡಿ

ವಡೋದರಾದ ಅಲ್ಕಾಪುರಿಯಲ್ಲಿ ಇಪ್ಪತ್ತು ವರ್ಷದಿಂದ ಹೋಟೆಲು ನಡೆಸುತ್ತಿದ್ದ ವಾದಿರಾಜನಿಗೆ ಚೀಟಿ ಬರೆದು ಗೊತ್ತಿರಲಿಲ್ಲ. ಎಂಟು ಟೇಬಲಿನ ಆರ್ಡರೂ ತಲೆಯಲ್ಲೇ ಇರುತ್ತಿತ್ತು. ಜೀವಕೋಶಗಳ ಶಕ್ತಿ ಕುಂದಿಸುವ ಮೈಟೊಕಾಂಡ್ರಿಯಾ ಕಾಯಿಲೆ ಮೊದಲು ಅವನ ಕಾಲಿನ ಶಕ್ತಿ ತಿಂದಿತ್ತು. ಈಗ ತಲೆಗೂ ಬಂದಿದೆಯೋ ಎಂದು ನೋಡಲು ಡಾಕ್ಟರು, ಒಂದು ನಿಮಿಷದಲ್ಲಿ ನೆನಪಾದಷ್ಟು ತಿಂಡಿಗಳ ಹೆಸರು ಹೇಳಿ ಎಂದರು.

ವಾದಿರಾಜ ಇಡ್ಲಿ ವಡೆಯಿಂದ ಹಿಡಿದು ಈರುಳ್ಳಿ ಹಾಕದ ಜೈನ್ ದೋಸೆಯವರೆಗೆ ಎಲ್ಲೂ ಎಡವದೆ ಒಪ್ಪಿಸಿದ. ಒಟ್ಟು ನಲವತ್ತೊಂದು. ಡಾಕ್ಟರು ಮೆಚ್ಚಿ, ತೊಂದರೆಯಿಲ್ಲ ಎಂದು ಬರೆದುಕೊಂಡರು. ಅದು ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ ಪಟ್ಟಿ, ಅದಕ್ಕೆ ತಲೆಯೇ ಬೇಡ ಎಂದು ಪಕ್ಕದಲ್ಲಿ ಕೂತಿದ್ದ ಹೆಂಡತಿ ಜಯಂತಿ ಹೇಳಬೇಕಿತ್ತು. ಆದರೆ ಹೇಳುವಷ್ಟು ಆತಂಕವಾಗಲಿ ಆಸೆಯಾಗಲಿ ಅವಳೊಳಗೆ ಏಳಲಿಲ್ಲ.

ಹೋಟೆಲಿಗೆ ಮರಳಿದ ಮೇಲೆ ಅವಳು ಮೂಲೆಯ ಟೇಬಲಿನಲ್ಲಿ ಕುಳಿತಳು.

"ಎಂತ ತರ್ಲಿ?" ಎಂದ ವಾದಿರಾಜ.

"ಒಂದು ಕಾಫಿ."

ಅವನು ಮೆಲ್ಲಗೆ ನಡೆದು ಅಡುಗೆಮನೆಯ ಕಿಟಕಿಯ ಬಳಿ ನಿಂತ. ಒಳಗೆ ಅಡುಗೆ ಭಟ್ಟರು ಅವನು ಆರ್ಡರು ಹೇಳಲೆಂದು ಕಾದರು. ಅವನು ತಿರುಗಿ ಬಂದು, ಒರೆಸಿದ್ದ ಟೇಬಲನ್ನೇ ಮತ್ತೆ ಒರೆಸಿ ಕೇಳಿದ, "ಎಂತ ತರ್ಲಿ?"

"ಎಂತೆಲ್ಲ ಉಂಟು?" ಎಂದಳು ಜಯಂತಿ.

ಅವನು ಇಡ್ಲಿ ವಡೆಯಿಂದ ಶುರುಮಾಡಿದ. ನಲವತ್ತೊಂದನ್ನೂ ಅವಳು ಕೂತು ಕೇಳಿಸಿಕೊಂಡಳು.